ತುದಿ ಕಚ್ಚಿದ ಸೋರೆಕಾಯಿ

ಸೋರೆಕಾಯಿಯ ತುದಿ ಕೊಯ್ದು ನಾಲಿಗೆಗೆ ಮುಟ್ಟಿಸಿ ನೋಡದೆ ಒಲೆಗೆ ಹಾಕಬಾರದು, ಕಹಿಯಾಗಿದ್ದರೆ ಅದು ವಿಷ. ಹಂಗಳದ ಹೆಂಗಸರಿಗೆಲ್ಲ ಇದು ಗೊತ್ತು. ಐವತ್ತಾರನೇ ಇಸವಿಯಲ್ಲಿ ಒಂದು ದಿನ ನಾನು ನೋಡಲಿಲ್ಲ. ಸಾರು ಕಹಿಯೆಂದು ನಾವು ತಟ್ಟೆ ಸರಿಸಿದೆವು. ಅತ್ತೆ ಗುರುಸಿದ್ದಮ್ಮ ಮಾತ್ರ ದಂಡವಾಗಬಾರದೆಂದು ಉಂಡರು, ರಕ್ತ ಕಾರಿಕೊಂಡು ಮೂರನೇ ದಿನ ಹೋಗಿಬಿಟ್ಟರು.

ತಿಥಿ ಕಳೆದ ಮೇಲೆ ಶುರುವಾಯಿತು. ಬಳ್ಳಿಯಿಂದ ಕಿತ್ತು ತಂದ ಕಾಯನ್ನು ಒಳಗಿಟ್ಟು ಈಚೆ ತಿರುಗುವಷ್ಟರಲ್ಲಿ ಯಾರೋ ಅದರ ತುದಿ ಕಚ್ಚಿರುತ್ತಿದ್ದರು. ಬುಟ್ಟಿ ಕವುಚಿದೆ. ಹಳೇ ಸೀರೆಯಲ್ಲಿ ಕಟ್ಟಿ ನೇತುಹಾಕಿದೆ. ಗಂಟು ಹಾಕಿದ ಹಾಗೇ ಇರುತ್ತಿತ್ತು, ಕಾಯಿಯ ಮೇಲೆ ಮಾತ್ರ ಸಾಲಾಗಿ ಹಲ್ಲಿನ ಗುರುತು, ಮುಟ್ಟಿದರೆ ಎಂಜಲಿನ ತಣ್ಣನೆಯ ಪಸೆ.

"ಇಲಿ ಕಚ್ಚಿರದಲ್ಲ, ಮನುಸ್ರ ಹಲ್ಲು ನೋಡಿ" ಎಂದು ತೋರಿಸಿದರೆ ನಮ್ಮ ಯಜಮಾನರು ಕಾಯಿಗೇ ಕೈಮುಗಿದರು.

"ಅವ್ವ ಕಣಮ್ಮಿ. ನೀ ಮರ್ತ್‌ಬುಡ್ತೀಯ ಅಂತ ಅವ್ಳೇ ರುಚಿ ನೋಡ್ತಾವ್ಳೆ. ಸುಮ್ನೆ ಬೇಯ್ಸು."

ಊರಿಗೆಲ್ಲ ಅದೇ ಸಮಾಧಾನ. ಹೇಳಿ ಹೇಳಿ ನನಗೆ ಸಾಕಾಗಿದೆ, ಒಬ್ಬರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಅತ್ತೆಯ ಬಾಯಲ್ಲಿ ಒಂದೂ ಹಲ್ಲಿರಲಿಲ್ಲ. ಮುದ್ದೆಯನ್ನು ಸಾರಿನಲ್ಲಿ ಕಿವುಚಿ ಕೊಡುತ್ತಿದ್ದವಳು ನಾನೇ.