ಐಸ್ ಲಾರಿಯ ವಾರಸುದಾರ

“ಬಣ್ಣ ಕೆರೀರಿ, ಬಾನೆಟ್ ಬಿಚ್ಚಿ, ಏನ್ ಬೇಕಾದ್ರೂ ಮಾಡ್ಕೊಳ್ಳಿ ಸಾರ್. ಕಾಗದದ ಮೇಲೆ ನಿಮ್ಮ ಹೆಸರು ಮಾತ್ರ ಬರೀಬೇಡಿ,” ಎಂದ ಗುಜರಿ ಅಂಗಳದ ಕಾವಲುಗಾರ. ಹೇಳಿದವನು ಲಾರಿಯ ಹತ್ತಿರ ಬರಲಿಲ್ಲ. ಇಪ್ಪತ್ತು ಹೆಜ್ಜೆ ದೂರದಿಂದಲೇ ಬೀಗದ ಕೈ ಎಸೆದ.

“ಯಾಕಪ್ಪಾ, ನನ್ನ ಹೆಸರು ಕಂಡ್ರೆ ಲಾರಿಗೆ ನಾಚಿಕೆ ಆಗುತ್ತಾ?”

ಕಾವಲುಗಾರ ನಗಲಿಲ್ಲ. ತುಕ್ಕಪ್ಪನಿಗೂ ನಗುವ ಚೈತನ್ಯ ಉಳಿದಿರಲಿಲ್ಲ. ವಾರಸುದಾರರಿಲ್ಲದ ಗಾಡಿಗಳ ಗುರುತು ಹಿಡಿದು ಗುಜರಿಗೆ ಕಳಿಸುವ ಕೆಲಸದಲ್ಲಿ ಇಪ್ಪತ್ತೆಂಟು ವರ್ಷ ಸವೆಸಿದವನಿಗೆ ಕಚೇರಿಯವರು ಇಟ್ಟ ಹೆಸರು ಅದು. ಈ ಊರಿಗೆ ವರ್ಗವಾಗಿ ಬಂದು ಇನ್ನೂ ಒಂದು ವಾರ. ಮಂಡಿ ನೋಯುತ್ತಿತ್ತು. ಹೆಂಡತಿ ತೀರಿಕೊಂಡ ಮೇಲೆ ಒಬ್ಬನೇ ಸಾಕಿ ಬೆಳೆಸಿದ ಮಗಳು ದೂರದ ಊರಿನಲ್ಲಿ ಕೆಲಸದಲ್ಲಿದ್ದಳು. ಅವಳ ಫೋನು ಬರುವ ಹೊತ್ತೊಂದೇ ಅವನ ದಿನಕ್ಕೆ ಅರ್ಥ.

ನೆಲಕ್ಕೆ ಕೂತು ಲಾರಿಯ ಚಾಸಿ ನಂಬರು ಕೊರೆದ ಜಾಗವನ್ನು ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದ. ನಂಬರಿನ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿದ. ನಾಲ್ಕು ಅಂಕಿ ಎದ್ದವು. ಉಳಿದವನ್ನು ತುಕ್ಕು ತಿಂದಿತ್ತು. ಇನ್ನು ಬಾಗಿಲ ಮೇಲಿನ ಹಳೆಯ ಹೆಸರುಗಳೇ ಗತಿ. ಒದ್ದೆ ಉಪ್ಪುಕಾಗದ ಹಿಡಿದು ಮೆಲ್ಲಗೆ ತಿಕ್ಕತೊಡಗಿದ. ಬೂದುಬಣ್ಣದ ಪದರದಲ್ಲಿ ಒಂದು ಲಾಂಡ್ರಿಯ ಹೆಸರು. ಅದರಡಿ ಹಸಿರು, ಮರದ ಸಾಮಾನಿನ ಅಂಗಡಿ. ಎಲ್ಲಕ್ಕಿಂತ ಕೆಳಗೆ ನೀಲಿ, ಐಸ್ ಕಾರ್ಖಾನೆ. ಮೂರರ ಕೊನೆಯಲ್ಲೂ ‘ಮತ್ತು ಮಕ್ಕಳು’ ಎಂದಿತ್ತು. ಮೂರು ಕೈ ದಾಟಿದ ಗಾಡಿ. ನೀಲಿ ಬಣ್ಣ ಬೆರಳಿಗೆ ಮರಳುಮರಳಾಗಿ ಹತ್ತಿತು. ಅದರೊಳಗೆ ಕೂದಲಿತ್ತು. ಕುಂಚದ ಕೂದಲಲ್ಲ, ಉದ್ದನೆಯದು, ಮೆತ್ತನೆಯದು.

ಅವನು ಫಾರಂ ತೆಗೆದ. ‘ಯಾರ ವಶದಲ್ಲಿದೆ’ ಎಂಬ ಕಾಲಂ ಖಾಲಿ ಬಿಟ್ಟರೆ ಕಡತ ವಾಪಸ್ ಬರುತ್ತದೆ. ಅದಕ್ಕೇ ಅವನ ಕಸುಬಿನವರೆಲ್ಲ ಅಲ್ಲಿ ತಮ್ಮ ಹೆಸರನ್ನೇ ಗೀಚಿ ಕೈತೊಳೆದುಕೊಳ್ಳುತ್ತಾರೆ. ಅವನೂ ಗೀಚಿದ. ಕೆಳಗಿನ ‘ವಾರಸುದಾರರು’ ಎಂಬಲ್ಲಿ, ಕೈಗಂಟಿದ ರೂಢಿಯಿಂದ, ‘ಮಗಳು’ ಎಂದು ಬರೆದ.

ಲಾರಿಯ ಪೆಟ್ಟಿಗೆಯೊಳಗಿಂದ ಯಾರೋ ತಟ್ಟಿದರು.

ಮೂರು ಸಲ. ಸಣ್ಣ ಕೈಯ ಸದ್ದು.

ಬೀಗ ತೆಗೆದು ಹಿಂಬಾಗಿಲು ಎಳೆದ. ನಡುಮಧ್ಯಾಹ್ನದ ಬಿಸಿಲು ಹೊಸ್ತಿಲಲ್ಲೇ ನಿಂತುಬಿಟ್ಟಿತು. ಒಳಗೆ ಗವ್ವೆನ್ನುವ ಕತ್ತಲು. ಒದ್ದೆ ಮರದಹೊಟ್ಟಿನ, ಉಪ್ಪಿನ ವಾಸನೆ. ಅವನ ಉಸಿರು ಹೊಗೆಯಾಗಿ ಹೊರಬಂತು. ಬಾಗಿಲಿನ ಒಳಮೈಯಲ್ಲಿ, ಅವನ ಸೊಂಟಕ್ಕೂ ಕೆಳಗೆ, ಉಗುರಿನ ಗೀರುಗಳು.

ಫೋನು ಬಡಿದುಕೊಂಡಿತು.

“ಅಪ್ಪಾ, ಚಳಿ. ತಡೆಯಕ್ಕಾಗ್ತಿಲ್ಲ. ಮೂರು ರಗ್ಗು ಹೊದ್ದಿದೀನಿ. ಉಗುರೆಲ್ಲ ನೀಲಿ ಆಗಿದೆ.”

“ಜ್ವರ ಇರ್ಬೇಕು ಕಣಮ್ಮಾ. ಪಕ್ಕದ್ಮನೆಯವರನ್ನ ಕರಿ.”

“ಯಾರೋ ಬಾಗಿಲು ತಟ್ತಾನೇ ಇದಾರೆ ಅಪ್ಪಾ. ತೆಗೆದ್ರೆ ಯಾರೂ ಇಲ್ಲ.”

ಅವನು ಫಾರಂ ಹರಿದು ಚೂರು ಮಾಡಿದ. ತಟ್ಟುವ ಸದ್ದು ನಿಲ್ಲಲಿಲ್ಲ.

“ಹರಿದ್ರೆ ಹೋಗಲ್ಲ ಸಾರ್,” ಕಾವಲುಗಾರ ದೂರದಿಂದಲೇ ಕೂಗಿದ. “ಹಿಂದಿನ ಬೀದಿ, ಲಾಂಡ್ರಿ ಅಮ್ಮ. ಓಡಿ!”

ಓಡಿದ. ಲಾಂಡ್ರಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ಸೋಪಿನ ಹಳಸು ವಾಸನೆಯ ಕೋಣೆಯಲ್ಲಿ ಮುದುಕಿಯೊಬ್ಬಳು ತನ್ನದೇ ಎರಡು ಸೀರೆಗಳನ್ನು ಮಡಚಿ, ಬಿಡಿಸಿ, ಮತ್ತೆ ಮಡಚುತ್ತಿದ್ದಳು. ಅವನ ಬೆರಳಿಗಂಟಿದ ನೀಲಿ ನೋಡಿದಳು.

“ಬೋರ್ಡು ಬರೆಯೋನ ಮಗಳು. ಆರು ವರ್ಷ,” ಎಂದಳು. “ಐಸ್ ಚೂರಿನ ಆಸೆಗೆ ಲಾರಿ ಹತ್ತಿತ್ತು. ಕಾರ್ಖಾನೆಯವನು ಒಳಗೆ ನೋಡದೇನೇ ಬೀಗ ಹಾಕ್ದ. ಆಮೇಲೆ ಗೊತ್ತಾದ್ರೂ ಬಾಯಿ ಬಿಡ್ಲಿಲ್ಲ. ಸತ್ತ ಮಗೂನ ಎಲ್ಲೋ ಇಳಿಸಿ ಬಂದ. ಹೊಸ ಬಣ್ಣ ಬಳಿಯೋಕೆ ಆ ಅಪ್ಪನ್ನೇ ಕರೆಸಿದ ನೋಡು, ಪಾಪಿ. ಅವನು ಆ ಗೀರು ನೋಡ್ದ. ಸುಮ್ಮನೆ ಮನೆಗೆ ಹೋದ. ಮಗಳ ಲಂಗ ಸುಟ್ಟು, ಬಾಚಣಿಗೇಲಿದ್ದ ಕೂದಲು ಸೇರಿಸಿ, ನೀಲಿಗೆ ಕಲಸಿ, ಮಂತ್ರ ಹಾಕಿ ಬರೆದ. ಮತ್ತು ಮಕ್ಕಳು, ಅಂತ.”

“ಆಮೇಲೆ?”

“ಐಸಿನವನ ಇಬ್ಬರು. ಮರದಂಗಡಿಯವನ ಒಬ್ಬಳು. ಎಲ್ಲಾ ಕಡುಬೇಸಿಗೇಲಿ ಹೆಪ್ಪುಗಟ್ಟಿ ಹೋದ್ರು. ಗಾಡಿ ಯಾರ ಹೆಸರಲ್ಲಿದ್ರೆ ಅವರ ಮಕ್ಕಳು.”

“ನಿಮ್ಮ ಮಕ್ಕಳು?”

“ಒಬ್ಬ ಮಗ. ಬದುಕಿದಾನೆ. ಎದುರಿಗೆ ಔಷಧಿ ಅಂಗಡಿ.” ಸೀರೆಯ ಅಂಚನ್ನು ಉಗುರಿನಿಂದ ಒತ್ತಿದಳು. “ಗಾಡಿ ಕಾಗದದಲ್ಲಿ ವಾರಸುದಾರರು ಅನ್ನೋ ಕಡೆ ‘ಯಾರೂ ಇಲ್ಲ’ ಅಂತ ಬರೆದುಬಿಟ್ಟೆ. ಬರೆದಿದ್ದು ನಿಜ ಆಗುತ್ತೆ, ಅಷ್ಟೇ. ದಿನಾ ಮಾತ್ರೆ ಕೊಡ್ತಾ ಕೇಳ್ತಾನೆ, ನಿಮಗೆ ಮಕ್ಕಳಿಲ್ವಾ ಅಜ್ಜೀ ಅಂತ.”

ಫೋನು. ಮಗಳ ಹಲ್ಲು ಕಟಕಟಿಸುವ ಸದ್ದಷ್ಟೇ. ನಡುವೆ ಒಂದು ‘ಅಪ್ಪಾ’. ನಡುವೆ ತಟ್ಟುವ ಸದ್ದು. ಈಗ ಅದು ಮಗಳ ಕೋಣೆಯೊಳಗೇ. ಅವನು ಚೀಲದಿಂದ ಹೊಸ ಫಾರಂ ಎಳೆದ. ಹೆಸರು ಬರೆದ. ಪೆನ್ನು ನಿಂತಿತು. ಮತ್ತೆ ‘ಅಪ್ಪಾ’. ತೀರ ಸಣ್ಣಗೆ. ಆಮೇಲೆ ಹಲ್ಲಿನ ಸದ್ದೂ ನಿಂತಿತು.

ಬರೆದ. ಯಾರೂ ಇಲ್ಲ.

ತಟ್ಟುವುದು ನಿಂತಿತು. ಫೋನು ಕಡಿದುಹೋಯಿತು. ಮುದುಕಿ ಅವನಿಗೊಂದು ಲೋಟ ನೀರು ಕೊಟ್ಟಳು.

ಇಳಿಬಿಸಿಲಿನಲ್ಲಿ, ಬಾಯಿಪಾಠವಾಗಿದ್ದ ಮಗಳ ನಂಬರನ್ನು ಒತ್ತಿದ.

“ಹಲೋ, ಯಾರು?” ಬೆಚ್ಚನೆಯ ದನಿ.

“ಗಾಡಿ ನೋಂದಣಿ ಕಚೇರಿಯಿಂದಮ್ಮಾ. ನಿಮ್ಮ ಸ್ಕೂಟರಿನ ವಿವರ ಬೇಕಿತ್ತು.”

ಬಣ್ಣ ಕೇಳಿದ. ವರ್ಷ ಕೇಳಿದ. ಅವಳು ತಾಳ್ಮೆಯಿಂದ ಹೇಳಿದಳು.

“ಮೈ ಹುಷಾರಾಗಿದೆಯಾ?”

“ಏನ್ ಸಾರ್, ಅದೂ ಫಾರಂನಲ್ಲಿದೆಯಾ?” ನಕ್ಕಳು. “ಮಧ್ಯಾಹ್ನ ಯಾಕೋ ಚಳಿ ಹತ್ತಿತ್ತು. ಈಗ ಆರಾಮು.”

“ತಂದೆ ಹೆಸರು?”

ಆ ಕಡೆ ಮೌನ. ತುಂಬ ಪರಿಚಿತವಾದದ್ದನ್ನು ಹುಡುಕಿ ಸಿಗದೆ ಹೋದವರ ಮೌನ.

“ಅದನ್ನ ಖಾಲಿ ಬಿಡಿ ಸಾರ್. ಇನ್ನೇನಾದ್ರೂ ಇದೆಯಾ?”

“ಎಂಜಿನ್ ನಂಬರ್ ಹೇಳಮ್ಮಾ,” ಎಂದ. “ನಿಧಾನವಾಗಿ. ಒಂದೊಂದೇ ಅಂಕಿ.”