ಕರಗಿದ ಪ್ಲಾಸ್ಮಾ

ಸೋಮವಾರ ಬೆಳಿಗ್ಗೆ ಶಿವಮೊಗ್ಗದ ಠಾಣೆಗೆ ಬಂದ ದೂರು ಇನ್‌ಸ್ಪೆಕ್ಟರ್ ಜಯಶೀಲಾಗೆ ಮೊದಲು ಅರ್ಥವೇ ಆಗಲಿಲ್ಲ. ದುರ್ಗಿಗುಡಿಯ ಖಾಸಗಿ ಸಂಶೋಧನಾ ಕೇಂದ್ರದಲ್ಲಿ ಯಾರೋ ಫ್ರೀಜರ್ ಆರಿಸಿದ್ದರು. ಏನೂ ಕಳುವಾಗಿರಲಿಲ್ಲ.

"ಒಳಗೇನಿತ್ತು?"

"ಪ್ಲಾಸ್ಮಾ. ರಕ್ತದ ಕಣ ತೆಗೆದ ಮೇಲೆ ಉಳಿಯೋ ದ್ರವ," ಎಂದಳು ದೂರು ತಂದಿದ್ದ ವಿಜ್ಞಾನಿ ಸ್ಫೂರ್ತಿ. "ನೂರಾರು ಹೆಂಗಸರದ್ದು. ಅದರಲ್ಲಿರೋ ತೀರಾ ಸಣ್ಣ ಪ್ರೋಟೀನುಗಳನ್ನ ನೋಡಿ, ಅಂಡಾಶಯದ ಕ್ಯಾನ್ಸರನ್ನ ಮೊದಲೇ ಹಿಡೀಬಹುದಾ ಅಂತ ಹುಡುಕ್ತಿದ್ವಿ. ಕರಗಿದ್ರೆ ಅವು ಒಡೆದುಹೋಗ್ತವೆ. ಅರ್ಧದಷ್ಟು ಟ್ಯೂಬುಗಳು ಇನ್ನೂ ಪರೀಕ್ಷೆಗೇ ಹೋಗಿರ್ಲಿಲ್ಲ."

ಎಫ್‌ಐಆರ್ ದಾಖಲಾಯಿತು. ಹನ್ನೊಂದಕ್ಕೆ ಪಂಚನಾಮೆ. ಬಾಗಿಲ ಬೀಗ ಸರಿಯಾಗಿಯೇ ಇತ್ತು. ಫ್ರೀಜರಿನ ವೈರು, ಅಲಾರಾಂ ವೈರು ಎರಡನ್ನೂ ಕತ್ತರಿಸಿದ್ದರು. ಕರೆಂಟಿದ್ದ ತುದಿಗೆ ಅಚ್ಚುಕಟ್ಟಾಗಿ ಟೇಪು ಸುತ್ತಿದ್ದರು.

"ಕಸ ಗುಡಿಸೋರಿಗೆ ಶಾಕ್ ಹೊಡೀಬಾರ್ದು ಅಂತ ಸುತ್ತಿದಾನೆ ಮೇಡಂ," ಎಂದ ಕಾನ್‌ಸ್ಟೇಬಲ್ ಹಾಲಸ್ವಾಮಿ. "ಕಸುಬಿನೋನೇ ಇರ್ಬೇಕು."

ಕಾವಲುಗಾರ ಗೋವಿಂದಯ್ಯ ತಡವರಿಸಿದ. "ನಿನ್ನೆ ನಮ್ಮ ಎಲೆಕ್ಟ್ರಿಷಿಯನ್ ಭೀಮೇಶ್ ಬಂದಿದ್ರು. ರಿಪೇರಿ ಅಂದ್ರು, ಕೀ ಕೊಟ್ಟೆ."

ಮಧ್ಯಾಹ್ನ ಭದ್ರಾವತಿಯ ಹಳೇನಗರದಲ್ಲಿ ಜೀಪು ನಿಂತಾಗ ಭೀಮೇಶ್ ಮನೆಯ ಮೆಟ್ಟಿಲ ಮೇಲೆ ಕೂತಿದ್ದ. ಓಡಲಿಲ್ಲ.

"ಫ್ರೀಜರ್ ಆರಿಸಿದ್ದು ನೀನಾ?"

"ಹೌದು."

"ಯಾಕೆ?"

"ನನ್ನ ಹೆಂಡ್ತಿ ಸಮತಾನೂ ಅಲ್ಲಿ ರಕ್ತ ಕೊಟ್ಟಿದ್ಲು. ನಾನೇ ಕರ್ಕೊಂಡು ಹೋಗಿದ್ದೆ. ಹೋದ ದೀಪಾವಳಿಗೆ ಮುಂಚೆ ಅದೇ ಕ್ಯಾನ್ಸರಿಂದ ತೀರ್ಕೊಂಡ್ಲು. ಮೊನ್ನೆ ಸ್ಫೂರ್ತಿ ಮೇಡಂ ಕೂರಿಸ್ಕೊಂಡು ಹೇಳಿದ್ರು, ಅವಳ ರಕ್ತದಲ್ಲಿ ಆಗ್ಲೇ ಸುಳಿವಿತ್ತಂತೆ. ಆದ್ರೆ ಟ್ಯೂಬಿನ ಮೇಲೆ ಬರೀ ನಂಬರಂತೆ. ಬದುಕಿರೋವಾಗ ಯಾರದ್ದು ಅಂತ ನೋಡೋ ಹಾಗಿಲ್ವಂತೆ, ಅವಳು ತೀರ್ಕೊಂಡ ಮೇಲೇ ಹೆಸರು ನೋಡಿದ್ದಂತೆ. ಹೇಳ್ತಾ ಅವರೂ ಅತ್ರು." ಅವನು ಅಂಗೈ ನೋಡಿಕೊಂಡ. "ನಾನು ವಾರ ವಾರ ಆ ಫ್ರೀಜರ್ ಸರಿಯಿದ್ಯಾ ಅಂತ ನೋಡ್ತಿದ್ದೆ ಮೇಡಂ. ಮನೇಲಿ ಅವಳು ಹೊಟ್ಟೆ ಉಬ್ಬರ ಅಂತ ಜೀರಿಗೆ ನೀರು ಕುಡೀತಿದ್ಲು."

ನಾಲ್ಕು ಗಂಟೆಗೆ ಬಂಧನವಾಯಿತು. ಜೀಪು ಊರು ದಾಟುತ್ತಿದ್ದಂತೆ ಭೀಮೇಶ್ ತಟ್ಟನೆ ಕೇಳಿದ. "ಸಮತಾ ತಂಗಿ ರಂಜಿನೀನೂ ಅವತ್ತೇ ರಕ್ತ ಕೊಟ್ಟಿದ್ಲು. ಅವಳದ್ದು ಪರೀಕ್ಷೆ ಆಗಿತ್ತಾ?"

ಜಯಶೀಲಾ ಸ್ಫೂರ್ತಿಗೆ ಫೋನು ಮಾಡಿದಳು. ಆ ಕಡೆ ಕೀಬೋರ್ಡು ಒತ್ತುವ ಸದ್ದು ಕೇಳಿತು.

"ನಿಯಮ ಮುರಿದು ಹೆಸರು ನೋಡಿದೆ. ಆಗಿರ್ಲಿಲ್ಲ. ಮತ್ತೆ ರಕ್ತ ತಗೊಂಡು ನೋಡ್ಬಹುದು. ಆದ್ರೆ ಏನು ಬದಲಾಗಿದೆ ಅಂತ ಹೋಲಿಸೋಕೆ ಹಳೇದು ಬೇಕಿತ್ತು."

ಭೀಮೇಶನಿಗೆ ಜಯಶೀಲಾ ಅದನ್ನೇ ಹೇಳಿದಳು.

ಸಂಜೆ ವರದಿಯಲ್ಲಿ ಉದ್ದೇಶ ಬರೆಯುವಾಗ 'ದ್ವೇಷ' ಎಂದು ಬರೆದು ಹೊಡೆದುಹಾಕಿದಳು. ಹೆಂಡತಿಗೆ ಯಾರೂ ಹೇಳದೆ ಉಳಿದ ಒಂದು ಮಾತು ಅವನ ಕೈಯಿಂದ ಇದನ್ನು ಮಾಡಿಸಿತ್ತು. ರಂಜಿನಿಗೆ ಹೇಳಬೇಕಾಗಿದ್ದ ಮಾತು ಏನೆಂದು ಈಗ ಯಾರಿಗೂ ತಿಳಿದಿರಲಿಲ್ಲ.