ಮೂರು ಸಲ ಒತ್ತಿದರೆ ಸಿಗುವ ದನಿ

ಆ ದಿನ ಅವಳು ಕೂಗಿದ ಕೂಗಿಗೆ ಗ್ರಂಥಾಲಯದ ನಲವತ್ತು ಸಾವಿರ ಪುಸ್ತಕಗಳೂ ಹೆದರಿ ತಾವಾಗಿಯೇ ಮುಚ್ಚಿಕೊಂಡವು! ನಾನು ಇಲ್ಲಿನ ಗ್ರಂಥಪಾಲಕ, ಕಣ್ಣಾರೆ ಕಂಡವನು.

"ನನ್ನ ಪುಟ ಎಲ್ಲಿ ರೀ?"

ಗ್ರಂಥಾಲಯದ ವೆಬ್‌ಸೈಟ್ ಒಪ್ಪ ಮಾಡಲು ಬಂದಿದ್ದ ಹೊಸಬ ಕುರ್ಚಿಯಿಂದ ಎದ್ದೇಬಿಟ್ಟ. ಕಂಡದ್ದನ್ನೆಲ್ಲ ಸಾಲಾಗಿ ಜೋಡಿಸುವ ಅವನಿಗೆ ಅವಳಿಟ್ಟ ಹೆಸರು ಜೋಡಿಸಪ್ಪ. ಅವಳೋ, ಕಥೆಗಳನ್ನು ಓದಿ, ರೆಕಾರ್ಡ್ ಮಾಡಿ, ಅದೇ ವೆಬ್‌ಸೈಟಿಗೆ ಏರಿಸುವವಳು.

"ಎಲ್ಲೂ ಹೋಗಿಲ್ಲ ಮೇಡಂ. ಮೆನು ಚೆಲ್ಲಾಪಿಲ್ಲಿಯಾಗಿತ್ತು... ಮೂರನೇ ಸಾಲಿಂದ ಏಳನೇ ಸಾಲಿಗೆ ಇಳಿಸಿದೀನಿ, ಅಷ್ಟೇ."

"ಅಷ್ಟೇನಾ? ನಮ್ಮಜ್ಜಿಗೆ ಕಣ್ಣು ಕಾಣಲ್ಲ. ಬಾಣದ ಕೀ ಮೂರು ಸಲ ಒತ್ತಿ ನನ್ನ ಕಥೆ ಕೇಳ್ತಾರೆ. ನಿನ್ನೆ ಒತ್ತಿದ್ರೆ, ಪರದೆ ಮೇಲಿದ್ದದ್ದನ್ನ ಓದಿ ಹೇಳೋ ಆ ಕಂಪ್ಯೂಟರ್ ಏನು ಓದಿತು ಗೊತ್ತಾ? 'ಇಲ್ಲಿ ಮಾತನಾಡಬಾರದು' ಅಂತ, ಗ್ರಂಥಾಲಯದ ನಿಯಮ! ಮೊಮ್ಮಗಳೇ ಹೇಳಿಸಿದ್ದಾಳೆ ಅಂದ್ಕೊಂಡು ನನ್ನ ಜೊತೆ ಮಾತೇ ಬಿಟ್ಟಿದಾರೆ!"

ಅವನ ಮುಖ ಬಿಳಿಚಿಕೊಂಡಿತು. "ಇವತ್ತೇ ಸರಿ ಮಾಡ್ತೀನಿ."

ಮರುದಿನ ಅವಳು ನೋಡಿದರೆ ಪುಟ ಏಳನೆಯ ಸಾಲಿನಲ್ಲೇ!

'ಮಾತು ಕೊಟ್ಟು ಮರೆತುಬಿಟ್ಟನಾ? ನಾನಾದರೂ ಯಾಕೆ ಅಷ್ಟು ನಂಬಿದೆ...'

ತಾನೇ ಕಂಪ್ಯೂಟರ್ ಮುಂದೆ ಕುಳಿತಳು. ಅವನ ಬದಲಾವಣೆ ಇನ್ನೂ ಪ್ರಕಟವಾಗದೆ ಡ್ರಾಫ್ಟ್‌ನಲ್ಲೇ ಕಾಯುತ್ತಿತ್ತು. ಅಲ್ಲಿ ಪುಟ ಮೂರನೆಯ ಸಾಲಿಗೆ ವಾಪಸ್ ಬಂದಿತ್ತು! ಕೆಳಗೇನಿದೆ ಎಂದೂ ನೋಡದೆ 'ಪಬ್ಲಿಷ್' ಒತ್ತಿಬಿಟ್ಟಳು.

ಐದೇ ನಿಮಿಷಕ್ಕೆ ಅಜ್ಜಿಯ ಫೋನ್.

"ಏನೇ, ದಿನಾ ಬೈತಿರ್ತೀಯಲ್ಲ ಆ ಜೋಡಿಸಪ್ಪ, ಅವನಿಗೆ ಮದುವೆ ಆಗಿದ್ಯಾ?"

"ಅಜ್ಜೀ! ಅಂತೂ ಮಾತಾಡಿದ್ಯಲ್ಲ!... ಯಾಕೆ?"

"ನಿನ್ನ ಪುಟದ ಕೊನೇಲಿ ಕಂಪ್ಯೂಟರ್ ಓದ್ತು ಕಣೇ. 'ಈ ಸಾಲನ್ನು ಯಾರೂ ಕದಲಿಸಬೇಡಿ, ಅಜ್ಜಿಯ ಬೆರಳು ಇಲ್ಲಿಗೇ ಬರುತ್ತದೆ. ಈ ದನಿ ಅವರಿಗೆ ಬೇಕು. ನನಗೂ ಬೇಕು, ಜೀವನಪೂರ್ತಿ' ಅಂತ!"

ಬಾಗಿಲಲ್ಲಿ ಜೋಡಿಸಪ್ಪ. ಕಿವಿ ಕೆಂಪಗೆ.

"ನಿನ್ನೆಯೇ ಸರಿ ಮಾಡಿದ್ದೆ... ಆ ಸಾಲು ಹಾಗೇ ಬರೆದುಹೋಯ್ತು. ಅಳಿಸೋಕೆ ಮನಸ್ಸಿಲ್ಲ, ಪಬ್ಲಿಷ್ ಮಾಡೋಕೆ ಧೈರ್ಯ ಇಲ್ಲ. ಈಗ ತೆಗೆದುಬಿಡ್ಲಾ?"

"ಮುಟ್ಟಿದ್ರೆ ನೋಡಿ! ಅಜ್ಜಿ ಇನ್ನೊಂದ್ಸಲ ಕೇಳ್ಬೇಕಂತೆ." ಅವಳು ತಲೆ ತಗ್ಗಿಸಿದಳು. "ನಂಗೂ... ನಿಮ್ಮ ಬಾಯಲ್ಲೇ ಕೇಳ್ಬೇಕು."

ಆ ಸಾಲನ್ನು ಅಂದೇ ಹತ್ತು ಲಕ್ಷ ಜನ ಓದಿದರು...

"ಸರ್, ಎಷ್ಟು ಜನ ನೋಡಿದ್ರು ಅಂತ ಇಲ್ಲೇ ತೋರಿಸುತ್ತೆ," ಎಂದು ನನ್ನ ಮಾತನ್ನು ತಡೆದಳು ಅವಳು, ಪರದೆಯ ಮೂಲೆಗೆ ಬೆರಳಿಟ್ಟು. "ನಾಲ್ಕು! ನಾಲ್ಕನೆಯವರು ನೀವೇ. ಆವತ್ತು ಮುಚ್ಚಿದ್ದೂ ಒಂದೇ ಪುಸ್ತಕ, ನೀವು ತೂಕಡಿಸ್ತಾ ಹಿಡ್ಕೊಂಡಿದ್ದು!"

ಸಿಕ್ಕಿಬಿದ್ದೆ. ನಿಜ ಹೇಳಿಬಿಡುತ್ತೇನೆ. ಅಂದು ಅವಳು ಕೂಗಲೇ ಇಲ್ಲ. ಪಕ್ಕದ ಮೇಜಿಗೂ ಕೇಳಿಸದಷ್ಟು ಮೆಲ್ಲಗೆ ಕೇಳಿದ್ದಳು. ಜೋಡಿಸಪ್ಪ ಕುರ್ಚಿಯಿಂದ ಎದ್ದದ್ದು ಆ ದನಿಯನ್ನು ಇನ್ನಷ್ಟು ಹತ್ತಿರದಿಂದ ಕೇಳಲೆಂದೇ!